ಅಧ್ಯಕ್ಷರು ಬೆನ್ನಟ್ಟಿದ ಕಳ್ಳ ರೇಡಿಯೊ

ನಮ್ಮ ಹವ್ಯಾಸಿ ರೇಡಿಯೊ ಸಂಘಕ್ಕೆ ನಾನು ಕಾರ್ಯದರ್ಶಿ. ಎಂದರೆ ಸಭೆಯ ನಡಾವಳಿ ಬರೆಯುವವನು, ಅಧ್ಯಕ್ಷರು ಹೇಳಿದ್ದಕ್ಕೆಲ್ಲ ಹೂಂ ಎನ್ನುವವನು. ಅವರು ಉಡುಪಿ ಕಡೆಯವರು, ಠಾಣೆ ಪಟ್ಟಣದಲ್ಲಿ ಸ್ವಂತ ಫ್ಲ್ಯಾಟು. ನಾನು ಹುಬ್ಬಳ್ಳಿಯವನು, ಡೊಂಬಿವಲಿಯಲ್ಲಿ ಬಾಡಿಗೆ.

ಒಂದು ಭಾನುವಾರ ಬೆಳಿಗ್ಗೆ, ಸದಸ್ಯರೆಲ್ಲ ರೇಡಿಯೊದಲ್ಲಿ ಸೇರುವ ಹೊತ್ತಿಗೆ, ಮಿಕ್ಸಿಯ ಸದ್ದು ಬಂತು. ಆಮೇಲೆ ಕುಕ್ಕರಿನ ಸೀಟಿ. ಯಾರದೋ ಸೆಟ್ಟು ಬಿಡದೆ ಪ್ರಸಾರ ಮಾಡುತ್ತಿತ್ತು. ಉಳಿದವರು ಬಾಯಿ ಬಿಡುವಂತಿರಲಿಲ್ಲ. ಕಾರಿನಲ್ಲಿ ಆಗಲೇ ಹೊರಗೆ ಹೋಗಿದ್ದ ಅಧ್ಯಕ್ಷರು ಫೋನ್ ಮಾಡಿ, “ಇದು ಬೇಕೂಂತ್ಲೇ ಮಾಡಿದ್ದು ಮಾರಾಯ್ರೆ, ಕೂಡಲೇ ಹೊರಡಿ” ಎಂದರು. ಲೋಕಲ್ ರೈಲು ಹಿಡಿದು ಠಾಣೆಗೆ ಹೋದೆ. ಸ್ಟೇಷನ್ನಿನ ಹೊರಗೆ ಕಾರಿನಲ್ಲಿ ವಾಕಿಟಾಕಿ ಹಿಡಿದು ಕೂತಿದ್ದರು.

ರಬಾಳೆ ದಾಟುವಾಗ ವಾಕಿಟಾಕಿಯ ಪರದೆಯಲ್ಲಿ ಸಿಗ್ನಲ್ಲಿನ ಗೆರೆಗಳು ಏರಿದವು, ತುರ್ಭೆಯಲ್ಲಿ ಪೂರ್ತಿ ತುಂಬಿದವು. “ನಾನು ಹೇಳ್ಲಿಲ್ವಾ, ಇಲ್ಲಿಯವರೇ” ಎಂದು ಅಧ್ಯಕ್ಷರು ಕೂಲಿಯವರ ಚಾಳುಗಳತ್ತ ಕೈ ತೋರಿಸಿ, ಎದುರಿಗೆ ಸಿಕ್ಕ ಹಮಾಲನನ್ನು ತಡೆದು, ಅವನ ಕೈಯಲ್ಲಿದ್ದ ಸ್ಪೀಕರನ್ನು ತಿರುಗಿಸಿ ನೋಡಿದರು. “ಸಾಬ್, ಏ ಸಿರ್ಫ್ ಗಾನಾ ಬಜಾತಾ ಹೈ” ಎಂದ ಅವನು, ಪಾಪ, ಒಂದು ಹಾಡು ಹಚ್ಚಿಯೂ ತೋರಿಸಿದ.

ನನಗೆ ನಾಚಿಕೆಯಾಯಿತು. ನಮ್ಮ ರಿಪೀಟರ್ ಇರುವುದೇ ತುರ್ಭೆಯ ಹಿಂದಿನ ಗುಡ್ಡದ ಮೇಲೆ. ಸದಸ್ಯರ ಮಾತನ್ನು ಅದು ಇನ್‌ಪುಟ್ ಎಂಬ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಔಟ್‌ಪುಟ್ ಎಂಬ ಇನ್ನೊಂದರಲ್ಲಿ ಜೋರಾಗಿ ಊರಿಗೆಲ್ಲ ಸಾರುತ್ತದೆ. ಅಧ್ಯಕ್ಷರು ಕೇಳುತ್ತಿದ್ದುದು ಔಟ್‌ಪುಟ್. ಕಲ್ಯಾಣದಲ್ಲಿ ಕೂತವನು ಮಾತಾಡಿದರೂ ಗುಡ್ಡದ ಬುಡದಲ್ಲಿ ಅದು ಜೋರೇ. ಆಡಿದವನು ಎಲ್ಲಿದ್ದಾನೆಂದು ಹೇಳುವುದು ಇನ್‌ಪುಟ್. ಅವನ ಹತ್ತಿರ ಹೋದಷ್ಟೂ ಜೋರು.

“ಸರ್, ಒಮ್ಮೆ ಇನ್‌ಪುಟ್ ಕೇಳೂಣೇನ್ರಿ?” ಎಂದೆ.

“ನೀವು ನನಗೆ ಕಲಿಸುದಾ?” ಎಂದರೂ ಸೆಟ್ಟು ನನ್ನ ಕೈಗೆ ಕೊಟ್ಟರು.

ಇನ್‌ಪುಟ್‌ನಲ್ಲಿ ತುರ್ಭೆ ನಿಶ್ಶಬ್ದ. ಕಾರು ತಿರುಗಿಸಿದೆವು. ಠಾಣೆ ಹತ್ತಿರವಾದಂತೆ ಗರಗರ, ಆಮೇಲೆ ಸ್ಪಷ್ಟವಾಗಿ ಒಗ್ಗರಣೆಯ ಚಟಪಟ. ಅಧ್ಯಕ್ಷರ ಮನೆಯಿರುವ ಸೊಸೈಟಿಯ ಗೇಟಿನಲ್ಲಿ ಗೆರೆಗಳು ತುಂಬಿ ನಿಂತವು.

“ನಾಲ್ಕನೇ ಮಾಳಿಗೆಯ ಬಾಡಿಗೆಯವನ ಮೇಲೆ ನನಗೆ ಮೊದಲೇ ಸಂಶಯ” ಎಂದರು. “ನೀರು ಕುಡಿದು ಹೋಗುವ.”

ತಮ್ಮ ಮನೆಯ ಬೆಲ್ ಒತ್ತಿದರು. ಬಾಗಿಲ ಒಳಗೆ ಹಕ್ಕಿ ಚಿಲಿಪಿಲಿಗುಟ್ಟಿತು. ನನ್ನ ಕೈಯ ಸೆಟ್ಟಿನಲ್ಲೂ ಅದೇ ಹಕ್ಕಿ.

ಬಾಗಿಲು ತೆರೆದ ಅವರ ಹೆಂಡತಿ, “ಇಷ್ಟು ಬೇಗ ಬಂದ್ರಾ?” ಎಂದರು. ಬೆಳಿಗ್ಗೆ ಇವರು ಹೊರಟ ಮೇಲೆ ಆಕೆ ಧೂಳು ಹೊಡೆದಿದ್ದರಂತೆ. ಅಡುಗೆಮನೆಯ ಗೋಡೆಗೆ ತಾಗಿದ ರೇಡಿಯೊ ಮೇಜಿನ ಮೇಲೆ, ಮಾತಾಡುವಾಗ ಒತ್ತುವ ಮೈಕಿನ ಗುಂಡಿಯನ್ನು ಅದುಮಿಕೊಂಡು, ಸಂಘವೇ ಅಧ್ಯಕ್ಷರಿಗೆ ಸನ್ಮಾನದಲ್ಲಿ ಕೊಟ್ಟ ಭಾರದ ಸ್ಮರಣಿಕೆ ಕೂತಿತ್ತು. ಅಧ್ಯಕ್ಷರು ಅದನ್ನೆತ್ತಿ, ಒರೆಸಿ, ಕಪಾಟಿನಲ್ಲಿಟ್ಟರು. ನಾನು ನೀರು ಕುಡಿದೆ.

ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯ, “ಚೋರ್ ಕೌನ್ ಥಾ?” ಎಂದು ಕೇಳಿದ. ಅಧ್ಯಕ್ಷರು ನನ್ನತ್ತ ನೋಡಿದರು. “ಅಧ್ಯಕ್ಷರ ಸಕಾಲಿಕ ಕ್ರಮದಿಂದ ಅನಧಿಕೃತ ಪ್ರಸಾರ ನಿಂತಿತು” ಎಂದು ನಡಾವಳಿಯಲ್ಲಿ ಬರೆದು ಸಹಿ ಹಾಕಿದೆ. ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಆ ಹಮಾಲನ ಬಗ್ಗೆ ಬರೆಯಲು ಜಾಗವಿತ್ತು, ಬರೆಯಲಿಲ್ಲ.