ಬಾಟಲಿಗೊಂದು ಝಾರಿ ನೀರು

ಭಾನುವಾರ, ಬೆಳಗಿನ ಆರು ಗಂಟೆ. ಮೋಂಕಸಾನ್ ಗುಡ್ಡದ ಏಳನೇ ತಿರುವಿನಲ್ಲಿ ರೆಜಿನ್ ಲಫಾರ್ಗ್ ರಸ್ತೆ ಗುಡಿಸುತ್ತಿದ್ದಾರೆ. ಅವರ ಹಳೆಯ ಸೈಕಲ್ಲು ದಿಬ್ಬಕ್ಕೆ ಒರಗಿ ನಿಂತಿದೆ. ಕ್ಯಾರಿಯರ್ ಮೇಲೆ ಬಕೆಟ್ಟು, ಪೊರಕೆಯ ಉದ್ದ ಕೋಲನ್ನು ಕಟ್ಟಿಕೊಳ್ಳಲು ಎರಡು ರಬ್ಬರ್ ಪಟ್ಟಿ. ನಿನ್ನೆ ಸಂಜೆ ಯಾರದೋ ಟ್ರ್ಯಾಕ್ಟರು ಬೆಳ್ಳುಳ್ಳಿ ಹೊಲದಿಂದ ಇಳಿದು ಬರುವಾಗ ಚಕ್ರದಲ್ಲಿ ಮಣ್ಣು, ಜಲ್ಲಿ ಎಲ್ಲ ಹೊತ್ತು ತಂದು, ಬೇರೆಲ್ಲೂ ಜಾಗವೇ ಸಿಗಲಿಲ್ಲವೇನೋ ಎಂಬಂತೆ ಸರಿಯಾಗಿ ತಿರುವಿನ ನಡುವೆ ಉದುರಿಸಿ ಹೋಗಿದೆ.

"ಕಾರಿನವರ ಕಣ್ಣಿಗೆ ಇದು ಬೀಳೋದೇ ಇಲ್ಲ," ಎನ್ನುತ್ತಾರೆ ರೆಜಿನ್, ಪೊರಕೆ ನಿಲ್ಲಿಸದೆ. "ಸೈಕಲ್ಲಿನವನಿಗೆ ಒಂದು ಹಿಡಿ ಜಲ್ಲಿ ಸಾಕು. ಮೊಣಕೈ ಚರ್ಮ ಇಲ್ಲೇ ಬಿಟ್ಟು ಹೋಗ್ತಾನೆ. ಹತ್ತೋವಾಗ ಮುದುಕರ ಥರ ಏದುಸಿರು ಬಿಡ್ತಾರಲ್ಲ, ಇಳಿಯೋವಾಗ ನೋಡ್ಬೇಕು ಇವ್ರನ್ನ. ಮೈಮೇಲೆ ಜ್ಞಾನ ಇರಲ್ಲ."

ಗುಡ್ಡದ ಏರು ಮೂರೂವರೆ ಕಿಲೋಮೀಟರ್. ತಿರುವು ಹನ್ನೊಂದು. ದಿನಕ್ಕೆ ಎರಡು ಬಕೆಟ್ ಜಲ್ಲಿ, ಮಳೆ ಬಂದ ಮರುದಿನ ಐದು. ರೆಜಿನ್ ಅವರ ಮನೆ ಇರುವುದು ಗುಡ್ಡದ ನೆತ್ತಿಯ ಊರಿನಲ್ಲಿ. ಬೆಳಕು ಹರಿಯುವ ಹೊತ್ತಿಗೆ ಬ್ರೇಕು ಹಿಡಿದುಕೊಂಡು ಕೆಳಗಿಳಿಯುತ್ತಾರೆ, ಆಮೇಲೆ ಒಂದೊಂದೇ ತಿರುವು ಗುಡಿಸುತ್ತಾ ಮೇಲೆ ಹತ್ತುತ್ತಾರೆ. ಸೈಕಲ್ಲಿಗೆ ಮೂರು ಗೇರು. "ಎರಡು ಕೆಲಸ ಮಾಡ್ತವೆ. ಮೂರನೇದು ಶೋಕಿಗೆ." ಐವತ್ತೆಂಟು ವರ್ಷದ ಹೆಂಗಸು. ವಾರಕ್ಕೆ ಆರು ಸಲ ಈ ಗುಡ್ಡ ಹತ್ತುವ ಇನ್ನೊಬ್ಬರು ಈ ಸೀಮೆಯಲ್ಲಿ ಇಲ್ಲ. ಕೆಳಗಿನ ಪೇಟೆಯ ಸೈಕಲ್ ಸಂಘದವರಿಗೆ ಇದು ಚೆನ್ನಾಗಿ ಗೊತ್ತು, ಆದ್ದರಿಂದಲೇ ಅವರು ಈ ಮಾತು ಎತ್ತುವುದಿಲ್ಲ.

ಇಪ್ಪತ್ತೇಳು ವರ್ಷದಿಂದ ಮೋಂಕಸಾನ್ ಪಂಚಾಯಿತಿಗೆ ಇರುವ ಕೆಲಸದಾಳು ಇವರೊಬ್ಬರೇ. ರಸ್ತೆ, ಚರಂಡಿ, ಬೇಲಿಯ ಮುಳ್ಳು, ಇಗರ್ಜಿಯ ಗಂಟೆಯ ಹಗ್ಗ, ಕ್ರಿಸ್‌ಮಸ್ ದೀಪ, ಸ್ಮಶಾನ ಎಲ್ಲವೂ ಇವರದೇ. ಊರಲ್ಲಿ ಬದುಕಿರುವವರು ತೊಂಬತ್ನಾಲ್ಕು, ಸ್ಮಶಾನದಲ್ಲಿ ಇನ್ನೂರ ಹನ್ನೆರಡು. "ತಕರಾರು ಬರೋದೆಲ್ಲ ಆ ತೊಂಬತ್ನಾಲ್ಕರ ಕಡೆಯಿಂದಾನೇ," ಎಂದು ನಗುತ್ತಾರೆ.

ಕೊನೆಯ ತಿರುವು ದಾಟಿದರೆ ಎಡಕ್ಕೆ ಸ್ಮಶಾನದ ಗೋಡೆ. ಗೋಡೆಯ ಬಳಿ ಒಂದು ನಲ್ಲಿ. ಗ್ಯಾಸ್ಕನಿಯ ಗುಡ್ಡಗಳಲ್ಲಿ ಸೈಕಲ್ ತುಳಿಯುವವರಿಗೆ ಊರ ಹೆಸರು ಮರೆತರೂ ಸ್ಮಶಾನ ಮರೆಯುವುದಿಲ್ಲ. ಅಂಗಡಿಗಳು ಮುಚ್ಚಿವೆ, ಕೆಫೆಗಳು ಮುಚ್ಚಿವೆ, ಆದರೆ ಸತ್ತವರ ಹೂವಿಗೆಂದು ಇಟ್ಟ ನಲ್ಲಿ ಎಲ್ಲ ಊರಲ್ಲೂ ಇದೆ. ಮೋಂಕಸಾನ್ ಬಿಟ್ಟರೆ ಮುಂದಿನ ನೀರು ಹದಿನಾಲ್ಕು ಕಿಲೋಮೀಟರ್ ಆಚೆ, ನಡುವೆ ಇನ್ನೆರಡು ಗುಡ್ಡ. ಬೇಸಿಗೆಯ ಒಂದು ಭಾನುವಾರಕ್ಕೆ ಎಂಬತ್ತು ಬಾಟಲಿಯಾದರೂ ಇಲ್ಲಿ ತುಂಬುತ್ತವೆ.

ಈ ನಲ್ಲಿಗೊಂದು ಚಾಳಿ. ಕೊಳವೆ ಇರುವುದು ಒಂದು ಗೇಣು ಆಳದಲ್ಲಿ, ಹಾಗಾಗಿ ಬಿಸಿಲೇರಿದ ಮೇಲೆ ಮೊದಲು ಬರುವ ನೀರು ಬೆಚ್ಚಗಿರುತ್ತದೆ. ಒಂದು ಝಾರಿ ತುಂಬುವಷ್ಟು ಬಿಟ್ಟ ಮೇಲೆ ಕೈ ಜುಮ್ಮೆನ್ನುವಂಥ ತಣ್ಣನೆಯ ನೀರು. ರೆಜಿನ್ ಅದಕ್ಕೊಂದು ಕ್ರಮ ಮಾಡಿದ್ದರು. ಬಂದವನು ಬೆಚ್ಚಗಿನ ನೀರನ್ನು ಹೂವಿನ ಝಾರಿಗೆ ಹಿಡಿದು ಪಕ್ಕಕ್ಕಿಡಬೇಕು, ಆಮೇಲೆ ಬಾಟಲಿ ತುಂಬಬೇಕು. ಹೊರಡುವ ಮೊದಲು, ತನಗಿಂತ ಮುಂಚೆ ಬಂದವನು ಇಟ್ಟುಹೋದ, ಅಷ್ಟರಲ್ಲಿ ಆರಿದ ಝಾರಿಯನ್ನು ಯಾವುದಾದರೂ ಸಮಾಧಿಯ ಹೂವಿಗೆ ಸುರಿಯಬೇಕು. ಇದನ್ನು ಎಲ್ಲೂ ಬರೆದು ಹಾಕಿರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾ ಸಂಘದವರಿಗೆಲ್ಲ ಗೊತ್ತಾಗಿತ್ತು. ದಣಿದ ಮನುಷ್ಯ ಝಾರಿ ಹೊತ್ತು ದೂರ ಹೋಗುತ್ತಾನೆಯೇ? ನಲ್ಲಿಗೆ ಹತ್ತಿರದ ಸಮಾಧಿಗೇ ಸುರಿದು ನಡೆಯುತ್ತಿದ್ದ. ಆ ಸಮಾಧಿ ಗಾಸ್ಪಾರ್ ಪೇರ್ಕಾವ್ ಎಂಬ ರೈತನದು.

ನಲ್ಲಿಯ ವಿಷಯದಲ್ಲಿ ರೆಜಿನ್ ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣವಿದೆ. ಆರು ವರ್ಷದ ಹಿಂದೆ, ಆಗಸ್ಟ್ ತಿಂಗಳಲ್ಲಿ, ನಲ್ಲಿಯ ಹಿಡಿ ಮುರಿದಿತ್ತು. ಶನಿವಾರ ಮಧ್ಯಾಹ್ನ, ಸೋಮವಾರ ನೋಡಿದರಾಯಿತು ಎಂದು ಬಿಟ್ಟರು. ಭಾನುವಾರ ಸಂಘದ ಲಿಯೊನೆಲ್, ಪೇಟೆಯಲ್ಲಿ ಬ್ರೆಡ್ ಸುಡುವ ಭಾರೀ ಆಳು, ಬರಿದಾದ ಬಾಟಲಿ ಹಿಡಿದು ಗೇಟಿನ ಮುಂದೆ ಕುಸಿದು ಬಿದ್ದ. ರೆಜಿನ್ ಮನೆಯಿಂದ ನೀರು ತಂದು ತಲೆಗೆ ಸುರಿದು, ಆಂಬುಲೆನ್ಸ್ ಬರುವ ತನಕ ತಮ್ಮ ಏಪ್ರನ್ನಿನಿಂದ ಗಾಳಿ ಬೀಸುತ್ತಾ ಕೂತರು. ಅವನೇನೋ ಉಳಿದುಕೊಂಡ. "ಅವನು ಮರ್ತಿದಾನೆ. ನಂಗೆ ಮರೆಯಕ್ಕಾಗಲ್ಲ," ಎನ್ನುವಾಗ ಪೊರಕೆ ಒಂದು ಗಳಿಗೆ ನಿಲ್ಲುತ್ತದೆ.

ಅಂಥ ನಲ್ಲಿಗೇ ಈ ಮೇ ತಿಂಗಳಲ್ಲಿ ಸಂಚಕಾರ ಬಂತು, ಅದೂ ಈ ಲಿಯೊನೆಲ್‌ನಿಂದಲೇ. ಬಾಟಲಿ ತುಂಬುವ ಅವಸರದಲ್ಲಿ ಸೈಕಲ್ಲನ್ನು ಗಾಸ್ಪಾರ್‌ನ ಕರಿಕಲ್ಲಿಗೆ ಒರಗಿಸಿದ. ಸೈಕಲ್ಲು ಜಾರಿ, ಹ್ಯಾಂಡಲ್ಲಿನ ತುದಿ ಕಲ್ಲಿನ ಮೇಲೆ ಒಂದು ಮೊಳ ಗೀರು ಎಳೆಯಿತು. ಮರುದಿನ ಗಾಸ್ಪಾರ್‌ನ ಹೆಂಡತಿ ಸೊಲಾಂಜ್, ಎಂಬತ್ತೊಂದು ವರ್ಷದವರು, ಅದನ್ನು ನೋಡಿ ನೆಟ್ಟಗೆ ಮೇಯರ್ ಮನೆಗೆ ಹೋದರು.

"ಬದುಕಿದ್ದಷ್ಟು ದಿನಾನೂ ನನ್ನ ಗಂಡ ಟ್ರ್ಯಾಕ್ಟರ್ ಇಟ್ಕೊಂಡು ಈ ಸೈಕಲ್ಲಿನವ್ರ ಹಿಂದೆ ಹಾರನ್ ಹೊಡ್ಕೊಂಡು ಹೋದ. ಸತ್ತ ಮೇಲಾದ್ರೂ ನೆಮ್ಮದಿ ಬೇಡ್ವಾ? ಬೂಟು ಟಕಟಕ ಅನ್ನಿಸ್ಕೊಂಡು ಓಡಾಡ್ತಾರೆ, ಬಾಳೆಹಣ್ಣು ತಿಂತಾರೆ. ಇದೇನು ಸ್ಮಶಾನಾನೋ ಸಂತೇನೋ?"

ಮೇಯರ್ ದಾರೋಲ್ ಮೆದು ಮನುಷ್ಯ. ಯಾರು ಕೊನೆಗೆ ಬಂದು ಹೋಗಿರುತ್ತಾರೋ ಅವರ ಮಾತು ಇವರಿಗೆ ಸರಿಯೆನಿಸುತ್ತದೆ. ಗೇಟಿಗೆ ಬೀಗ ಬಿತ್ತು, ಕೀಲಿಕೈ ಸೊಲಾಂಜ್ ಅವರ ಕೈಗೆ ಹೋಯಿತು. ರೆಜಿನ್ ವಾದಕ್ಕೆ ನಿಲ್ಲಲಿಲ್ಲ. ಗೋಡೆಯ ದಪ್ಪ ಅಳೆದರು. ನಲವತ್ತೈದು ಸೆಂಟಿಮೀಟರ್. ನಲ್ಲಿಯನ್ನು ಗೋಡೆಯಾಚೆ, ರಸ್ತೆಯ ಕಡೆಗೆ ತಂದರೆ ಯಾರೂ ಒಳಗೆ ಕಾಲಿಡಬೇಕಾಗಿಲ್ಲವಲ್ಲ? ಮೇಯರ್ ಹೂಂ ಅಂದರು. ಕಲ್ಲು ಕೊರೆಯಲು ಎರಡು ವಾರ ಹಿಡಿಯಿತು. ಗೋಡೆಯ ಒಂದು ಮೂಲೆ ಬಿದ್ದೂ ಹೋಯಿತು. ಸಂಘದ ಏಳು ಜನ ಒಂದು ಶನಿವಾರ ಬಂದು ಕಟ್ಟಿಕೊಟ್ಟರು. ಲಿಯೊನೆಲ್ ತಲೆ ತಗ್ಗಿಸಿಕೊಂಡು ಗಾರೆ ಕಲಸಿದ.

"ಕಲಸೋದ್ರಲ್ಲಿ ಅವನ್ದು ಒಳ್ಳೇ ಕೈ," ಎನ್ನುತ್ತಾರೆ ರೆಜಿನ್. "ಹಿಟ್ಟಿನವನಲ್ವಾ."

ಎಲ್ಲ ಸುಸೂತ್ರ ಅಂದುಕೊಂಡಿದ್ದರು. ಆದರೆ ಝಾರಿಗಳು ಬೀಗದ ಒಳಗೆ ಉಳಿದವು, ನಲ್ಲಿ ಹೊರಗೆ ಬಂತು. ಬೆಚ್ಚಗಿನ ನೀರನ್ನು ಹಿಡಿಯಲು ಏನೂ ಇಲ್ಲದೆ ಜನ ಅದನ್ನು ಚರಂಡಿಗೆ ಬಿಡತೊಡಗಿದರು. ಜುಲೈ ಬಂತು, ಮಳೆಯಿಲ್ಲ. ಸುತ್ತಲ ಹುಲ್ಲೆಲ್ಲ ಒಣಗಿ ಗರಿಗರಿಯಾಗಿರುವಾಗ ಸ್ಮಶಾನದ ಚರಂಡಿಯಲ್ಲಿ ಮಾತ್ರ ಹಸಿರು.

"ಇದೇನ್ ರೆಜಿನ್, ಬರಗಾಲದಲ್ಲಿ ಚರಂಡೀಲಿ ಹುಲ್ಲು ಬೆಳೆಸ್ತಿದೀರಾ?" ಎಂದರು ಮೇಯರ್. "ನೀರಿನ ಕಟ್ಟಳೆ ಬಂದಿದೆ, ನಾನೇನು ಮಾಡ್ಲಿ ಹೇಳಿ. ಶುಕ್ರವಾರದ ಸಭೇಲಿ ನಲ್ಲಿ ಮುಚ್ಚಿಸೋ ಠರಾವು ಇಡ್ತೀನಿ."

ಆ ವಾರ ರೆಜಿನ್‌ಗೆ ಊಟ ಸೇರಲಿಲ್ಲ. ಹನ್ನೊಂದು ತಿರುವು ಹತ್ತಿ ಬಂದವರು ಒಣ ನಲ್ಲಿಯ ಮುಂದೆ ನಿಲ್ಲುವುದನ್ನು ಅವರು ಒಮ್ಮೆ ನೋಡಿದ್ದಾರೆ, ಇನ್ನೊಮ್ಮೆ ನೋಡುವ ಶಕ್ತಿ ಅವರಿಗಿರಲಿಲ್ಲ. ಮನೆಯಿಂದ ಕ್ಯಾನಿನಲ್ಲಿ ನೀರು ಹೊರುವುದೇ ಎಂದು ಲೆಕ್ಕ ಹಾಕುತ್ತಾ ಬುಧವಾರ ಬೆಳಿಗ್ಗೆ ಗೋಡೆಯ ಬಳಿ ಕೂತಿದ್ದಾಗ ಸೊಲಾಂಜ್ ಕೋಲೂರಿಕೊಂಡು ಬಂದರು. ಮುಖ ಕೆಂಪಾಗಿತ್ತು.

"ನಿಜ ಹೇಳು ರೆಜಿನ್. ನನ್ನ ಬೆಗೋನಿಯಾಗೆ ಏನು ಹಾಕ್ದೆ?"

"ನಾನಾ? ಏನೂ ಹಾಕಿಲ್ಲ ಸೊಲಾಂಜಮ್ಮ."

"ಸುಳ್ಳು ಹೇಳ್ಬೇಡ. ಕಳೆ ಸುಡೋ ಔಷಧಿ ಹಾಕಿದೀಯ. ಬೀಗ ಹಾಕಿಸ್ದೆ ಅಂತ ನನ್ನ ಮೇಲೆ ಹಟ ನಿಂಗೆ. ಒಂಬತ್ತು ವರ್ಷದಿಂದ ವಾರಕ್ಕೊಂದು ದಿನ ನೀರು ಹಾಕಿ ಬೆಳೆಸಿದೀನಿ. ಇಡೀ ಸ್ಮಶಾನದಲ್ಲಿ ಅಂಥ ಹೂವು ಇನ್ನೊಂದಿತ್ತಾ? ನನ್ನ ಕೈಗುಣ ಅದು. ಈಗ ನೋಡು, ಕಡ್ಡಿ ಆಗಿ ನಿಂತಿದಾವೆ!"

ಸೊಲಾಂಜ್ ಅವರ ಕೈಗುಣ ಊರಿಗೆಲ್ಲ ಗೊತ್ತಿದ್ದ ವಿಷಯ. ಸಿಕ್ಕವರಿಗೆಲ್ಲ ಅವರೇ ಹೇಳಿದ್ದರು. ಭಾನುವಾರ ಅವರು ಪೂಜೆಗೆಂದು ಪಕ್ಕದ ಊರಿಗೆ ಹೋಗುತ್ತಾರೆ, ಆದ್ದರಿಂದ ಇಲ್ಲಿ ಝಾರಿ ಸುರಿಯುವುದನ್ನು ಕಂಡವರೇ ಅಲ್ಲ. ಒಂಬತ್ತು ವರ್ಷದಿಂದ ರೆಜಿನ್ ಬಾಯಿ ಬಿಟ್ಟಿರಲಿಲ್ಲ. "ಪಾಪ, ಅವ್ರ ಸಂತೋಷ ಕೆಡ್ಸಿ ನಂಗೇನಾಗ್ಬೇಕಿತ್ತು?" ಆದರೆ ಆ ದಿನ ವಿಷದ ಮಾತು ಕೇಳಿ ತಡೆಯಲಾಗಲಿಲ್ಲ.

"ವಾರಕ್ಕೊಂದು ದಿನ ನೀರು ಹಾಕಿದ್ರೆ ಜುಲೈ ಬಿಸ್ಲಲ್ಲಿ ಬೆಗೋನಿಯಾ ಉಳಿಯುತ್ತಾ, ಸೊಲಾಂಜಮ್ಮ? ನೀವೇ ಹೇಳಿ. ದಿನಾ ಹಾಕ್ತಿದ್ದೋರು ಅವ್ರು. ಸೈಕಲ್ಲಿನವ್ರು."

"ಯಾರಿಗೆ? ಗಾಸ್ಪಾರ್‌ಗಾ?"

"ಗಾಸ್ಪಾರ್‌ಗೇ. ಭಾನುವಾರ ಬಂತು ಅಂದ್ರೆ ಸಾಕು ಸಾಕು ಅನ್ನೋಷ್ಟು. ಮಿಕ್ಕಿದ ದಿನ ಒಬ್ರಿಬ್ರು ಬಂದೇ ಬರ್ತಿದ್ರು."

ಸೊಲಾಂಜ್ ಗೋಡೆ ಹಿಡಿದುಕೊಂಡು ನಿಂತರು. ಅಳುತ್ತಾರೇನೋ ಎಂದು ರೆಜಿನ್ ಎದ್ದು ಹತ್ತಿರ ಹೋದರು. ಮುದುಕಿಯ ಭುಜ ಅಲುಗುತ್ತಿತ್ತು. ನೋಡಿದರೆ ನಗು.

"ಅಯ್ಯೋ ನನ್ನ ಗಾಸ್ಪಾರೇ! ಇದೇ ತಿರುವಲ್ಲಿ ಇವ್ರಿಗೆ ಏನೇನ್ ಬೈದಿದ್ದ ಗೊತ್ತೇನೇ? ಬಾಯಲ್ಲಿ ಹೇಳಕ್ಕಾಗಲ್ಲ!" ಕಣ್ಣೊರೆಸಿಕೊಂಡರು. ದನಿ ತಗ್ಗಿಸಿ, "ಹಂಗಾದ್ರೆ ನನ್ನ ಕೈಗುಣ ಅಲ್ಲ ಅನ್ನು," ಎಂದರು.

"ಆರ್ಸಿ ತರೋದು ನೀವು ತಾನೇ. ಒಳ್ಳೇ ಗಿಡಾನೇ ತರ್ತೀರಿ," ಎಂದರು ರೆಜಿನ್.

ಶುಕ್ರವಾರದ ಸಭೆಯಲ್ಲಿ ಸೊಲಾಂಜ್ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮೇಯರ್ ಠರಾವು ಓದುವ ಮೊದಲೇ ಎದ್ದು ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟರು. ಗೇಟು ತೆರೆದಿರಲಿ, ಝಾರಿಗಳನ್ನು ನಲ್ಲಿಯ ಪಕ್ಕ ಕೊಕ್ಕೆಗೆ ತೂಗುಹಾಕಿ, ಚರಂಡಿಗೆ ಒಂದು ತೊಟ್ಟು ಹೋದರೆ ನನ್ನನ್ನು ಕೇಳಿ ಎಂದರು. ಹೇಗಿದ್ದರೂ ಕೊನೆಗೆ ಮಾತಾಡಿದವರು ಅವರೇ ಆದ್ದರಿಂದ ಮೇಯರ್‌ಗೂ ಅದೇ ಸರಿಯೆನಿಸಿತು. ನಲ್ಲಿ ಉಳಿಯಿತು.

ಈಗ ಎಂಟು ಗಂಟೆ. ಹನ್ನೊಂದೂ ತಿರುವು ಗುಡಿಸಿ ರೆಜಿನ್ ಮೇಲೆ ಬಂದಿದ್ದಾರೆ. ದಕ್ಷಿಣಕ್ಕೆ ಪಿರೆನೀ ಬೆಟ್ಟಗಳು ಕೈಗೆ ಎಟುಕುವಷ್ಟು ಸ್ಪಷ್ಟವಾಗಿ ಕಾಣುತ್ತಿವೆ. "ಬೆಟ್ಟ ಇಷ್ಟು ಹತ್ರ ಕಂಡ್ರೆ ನಾಳೆ ಮಳೆ. ನಾಡಿದ್ದು ಐದು ಬಕೆಟ್ಟು," ಎಂದು ಗೊಣಗಿಕೊಂಡು ಬುಟ್ಟಿಯಿಂದ ಬ್ರೆಡ್ ತೆಗೆದು ಬೆಳ್ಳುಳ್ಳಿ ಉಜ್ಜುತ್ತಾರೆ. ಗೇಟಿನ ಬಳಿ ಮಡಚುವ ಕುರ್ಚಿ ಹಾಕಿ ಸೊಲಾಂಜ್ ಕೂತಿದ್ದಾರೆ. ಪೂಜೆಗೆ ಈಗ ಶನಿವಾರ ಸಂಜೆ ಹೋಗಿಬರುತ್ತಾರೆ. ಕೆಳಗಿನಿಂದ ಚೈನಿನ ಸದ್ದು, ಏದುಸಿರು, ಬಣ್ಣಬಣ್ಣದ ಅಂಗಿಗಳು. ಎಲ್ಲರಿಗಿಂತ ಹಿಂದೆ, ಬೆವರಿನಲ್ಲಿ ಮಿಂದು, ಅಂಗಿಯ ಬೆನ್ನಜೇಬಿನಲ್ಲಿ ಒಣದ್ರಾಕ್ಷಿ ಬ್ರೆಡ್ ಇಟ್ಟುಕೊಂಡು ಲಿಯೊನೆಲ್.

"ಏಯ್ ಬ್ರೆಡ್ಡಿನವ್ನೇ, ಸೈಕಲ್ಲು ಹೊರಗೆ!" ಸೊಲಾಂಜ್ ಕೋಲೆತ್ತುತ್ತಾರೆ. "ಝಾರಿ ತಗೋ. ಗಾಸ್ಪಾರ್‌ಗಾಯ್ತು, ಅವನ್ದು ಹೊಟ್ಟೆ ತುಂಬಿದೆ. ಆ ಮೂಲೇಲಿ ಹಳೇ ಮೇಷ್ಟ್ರು ಇದಾರಲ್ಲ, ಯಾರೂ ಬರಲ್ಲ ಅವ್ರ ಹತ್ರ. ಅಲ್ಲಿಗೆ ಹೋಗು."

"ಅಜ್ಜಿ, ಕಾಲು ಬರ್ತಿಲ್ಲ ಅಜ್ಜಿ."

"ಗುಡ್ಡ ಹತ್ತಕ್ಕೆ ಬರುತ್ತೆ, ಮೇಷ್ಟ್ರ ಹತ್ರ ಹೋಗಕ್ಕೆ ಬರಲ್ವಾ?"

ಲಿಯೊನೆಲ್ ಝಾರಿ ಎತ್ತಿಕೊಂಡು, ಬೂಟು ಟಕಟಕ ಎನ್ನಿಸುತ್ತಾ ಸಮಾಧಿಗಳ ನಡುವೆ ನಡೆಯುತ್ತಾನೆ. ರೆಜಿನ್ ಗೋಡೆಯ ಮೇಲೆ ಕೂತು ಬ್ರೆಡ್ ಅಗಿಯುತ್ತಾ ನೋಡುತ್ತಾರೆ. ನಿವೃತ್ತಿಗೆ ಇನ್ನು ಐದಾರು ವರ್ಷ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಹೊಸ ಪೊರಕೆ ಎನ್ನುತ್ತಾರೆ. ಆಮೇಲೆ ಬ್ರೆಡ್ಡಿನ ತುಂಡಿನಿಂದಲೇ ಗೇಟಿನ ಬಲಕ್ಕೆ ತೋರಿಸುತ್ತಾರೆ.

"ಅಲ್ಲೊಂದು ಜಾಗ ಖಾಲಿ ಇದೆ ನೋಡಿ, ನಲ್ಲಿಗೆ ಹತ್ರ. ಅದು ನಂಗೆ ಅಂತ ಮೇಯರ್‌ಗೆ ಹೇಳಿಟ್ಟಿದೀನಿ. ಅವಸರ ಏನಿಲ್ಲ. ನಂಗೆ ಮಕ್ಕಳಿಲ್ಲ, ನಿನ್ನ ಹೂವಿಗೆ ನೀರು ಹಾಕೋರು ಯಾರೇ ಅಂತ ಅಕ್ಕ ಯಾವಾಗ್ಲೂ ಕೊರಗ್ತಿರ್ತಾಳೆ. ಒಂದು ಭಾನುವಾರ ಇಲ್ಲಿಗೆ ಬಂದು ಕೂತ್ಕೋ, ಝಾರಿ ಎಣಿಸ್ಕೊಂಡು ಹೋಗು ಅಂದೆ."