ಏಣಿಯ ಬುಡದ ಚಪ್ಪಲಿ

ಟರ್ಪೆಂಟೈನ್ ವಾಸನೆ ಬಂದರೆ ಉಳಿದವರಿಗೆ ತಲೆನೋವು, ನನಗೆ ಹಸಿವಾಗುತ್ತದೆ. ಈಗ ರಸ್ತೆಯ ಪಾಲಾಗಿರುವ ಬ್ಯಾಡಗಿಯ ನಮ್ಮ ಮನೆಯಲ್ಲಿ ಆ ವಾಸನೆ ಮೆಣಸಿನಕಾಯಿ ಘಾಟಿನ ಜೊತೆ ಸಂಸಾರ ಹೂಡಿತ್ತು. ಅಬ್ಬಾ ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್. ಹಿತ್ತಲಾಚೆ ಸಾಹುಕಾರರ ತೋಟದಲ್ಲಿ ನೀರೆತ್ತುವ ಗಾಳಿಯಂತ್ರವಿತ್ತು. ಅಬ್ಬಾನ ತಂದೆ, ನಮ್ಮ ದಾದಾ, ಬದುಕಿರುವಷ್ಟು ಕಾಲ ಏಣಿಯ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಿ ಅದಕ್ಕೆ ಎಣ್ಣೆ ಬಿಡುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿ, ಅಬ್ಬಾನ ತಾಯಿ, ನಮ್ಮ ದಾದಿಗೆ ಅರಳುಮರಳು ಹಿಡಿದ ಮೇಲೆ, ಯಂತ್ರದ ಕಿರುಗುಟ್ಟುವ ಸದ್ದು ಕೇಳಿದರೆ ಸಾಕು, ಗಂಡ ಕೆಲಸದ ಮೇಲಿದ್ದಾರೆಂದು ನಂಬಿ ನೆಮ್ಮದಿಯಾಗಿ ಉಣ್ಣುತ್ತಿದ್ದಳು.

ತೊಂಬತ್ತರ ಆಸುಪಾಸಿನಲ್ಲಿ ಊರು ಬೆಳೆಯಿತು. ತೋಟದಲ್ಲಿ ಕೋಲ್ಡ್ ಸ್ಟೋರೇಜ್ ಎದ್ದಿತು, ಯಂತ್ರ ಗುಜರಿಗೆ ಹೋಯಿತು. ಸದ್ದು ನಿಂತ ದಿನದಿಂದ ದಾದಿ ತುತ್ತು ಮುಟ್ಟಲಿಲ್ಲ. ನಮಗೆಲ್ಲ ಜೀವ ಬಾಯಿಗೆ ಬಂತು. ಅಬ್ಬಾ ಇದ್ದ ಕೆಲಸವನ್ನೆಲ್ಲ ಬದಿಗಿಟ್ಟು, ಅವಳ ಮಂಚದ ಎದುರಿನ ಗೋಡೆಯ ಮೇಲೆ ಗಾಳಿಯಂತ್ರ ಬರೆದರು. ಬೋರ್ಡ್ ಬರೆದು ಪಳಗಿದ ಕೈ. ಒಂದೊಂದು ರೆಕ್ಕೆಗೂ ಅಕ್ಷರಕ್ಕೆ ಕೊಡುವ ಹಾಗೆ ನೆರಳು ಕೊಟ್ಟಿದ್ದರು. ದಾದಿ ಮೋಟೆಬೆನ್ನೂರಿನ ಹೆಣ್ಣು. ಉರ್ದು ಜಗಳಕ್ಕೆ, ಕನ್ನಡ ಮನಸ್ಸಿನ ಮಾತಿಗೆ. ಬಹಳ ಹೊತ್ತು ನೋಡಿ ಕನ್ನಡದಲ್ಲೇ ಕೇಳಿದಳು: “ಎಲ್ಲಾ ಐತಿ. ಇವರೆಲ್ಲಿ?”

ನಮಾಜು ಮಾಡುವ ಮನೆಯ ಗೋಡೆಯ ಮೇಲೆ ಮನುಷ್ಯರ ಚಿತ್ರ ಬರೆಯುವಂತಿರಲಿಲ್ಲ. ಆ ಕಟ್ಟುನಿಟ್ಟು ದಾದಿಯದೇ. ನಾನು ಬರೆದ ಗುಬ್ಬಿಯನ್ನೂ ಉಳಿಸಿರಲಿಲ್ಲ. ಅಬ್ಬಾ ಕುಂಚ ಹಿಡಿದು ಅತ್ತ ದರಿ ಇತ್ತ ಪುಲಿ ಎಂದು ನಿಂತರು. ಕಡೆಗೆ ಏಣಿಯ ಬುಡದಲ್ಲಿ ಒಂದು ಜೊತೆ ಚಪ್ಪಲಿ ಬರೆದರು. ದಾದಿಯ ಮುಖ ಅರಳಿತು. ಆದರೆ ಅವರು ಇಳಿದು ಬರಲಿ, ಆಮೇಲೆ ಉಣ್ಣುತ್ತೇನೆಂದು ಹಟ ಹಿಡಿದಳು. ಸಂಜೆಯಾಯಿತು, ರೊಟ್ಟಿ ಆರಿದವು. ಅಬ್ಬಾ ಟರ್ಪೆಂಟೈನ್ ಅರಿವೆಯಿಂದ ಆ ಹಸಿ ಚಪ್ಪಲಿಗಳನ್ನು ಒರೆಸಿಬಿಟ್ಟರು. ದಾದಿ ಬರಿದಾದ ಜಾಗ ನೋಡಿ ಸೆರಗು ಸರಿಮಾಡಿಕೊಂಡಳು.

“ಇಳದ್ರು. ತಾಟು ಹಚ್ಚು,” ಎಂದಳು ನನ್ನ ಅಮ್ಮಿಗೆ.

ಬೆಳಗಾದರೆ ಮತ್ತೆ ಅದೇ ಪ್ರಶ್ನೆ. ಹಾಗಾಗಿ ಬೆಳಿಗ್ಗೆ ಬರೆಯುವುದು, ಸಂಜೆ ಅಳಿಸುವುದು ಮನೆಯ ಪದ್ಧತಿಯೇ ಆಯಿತು. ಅಳಿಸಿದ ಮೇಲೆಯೇ ಎಲ್ಲರಿಗೂ ಊಟ. ಓಣಿಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಬ್ಬಾ ಮಾತ್ರ ರಾಣೆಬೆನ್ನೂರಿನಲ್ಲಿ ಕೆಲಸವಿದ್ದರೂ ಹೊತ್ತು ಮುಳುಗುವ ಮೊದಲು ಓಡಿ ಬರುತ್ತಿದ್ದರು. ತಾನು ತಡವಾದರೆ ತಾಯಿ ಹಸಿದೇ ಮಲಗುತ್ತಾಳೆಂಬ ಭಯ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ಗೋಡೆಯನ್ನೇ ನೋಡುತ್ತ ದಾದಿ ಹೋಗಿಬಿಟ್ಟಳು. ಕಬರಸ್ತಾನದಿಂದ ಬಂದ ಅಬ್ಬಾ ನೇರ ಗೋಡೆಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತು, ಬೆಳಿಗ್ಗೆ ಬರೆದಿದ್ದ ಚಪ್ಪಲಿಗಳನ್ನು ಒರೆಸಿದರು. ಅಮ್ಮಿ ಅಭ್ಯಾಸಬಲದಿಂದ ತಾಟು ಹಚ್ಚಲು ಎದ್ದವಳು ಹಾಗೇ ನಿಂತುಬಿಟ್ಟಳು. ಆ ಸಂಜೆ ಯಾರೂ ಉಣ್ಣಲಿಲ್ಲ.