ಗೋಡೆಗೆ ಅಂಟಿದ ಅರ್ಧ ಅಕ್ಷರ

ಕಳೆದ ಶನಿವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ನರ್ಸ್ ಡೆಸ್ಕಿನ ಎಡಬದಿಗೆ ನಿಂತಿದ್ದೆ. ನನ್ನ ಬಲಕ್ಕೆ ಪ್ರಿಂಟರ್, ಎಡಕ್ಕೆ ಕೈಗೆ ಹಚ್ಚಿಕೊಳ್ಳುವ ಜೆಲ್ಲಿನ ಬಾಟಲಿ. ಆಸ್ಪತ್ರೆಯ ಹೆಸರು ಬೇಡ. (ಅವರ ತಪ್ಪೇನೂ ಇಲ್ಲ. ತಪ್ಪು ಯಾರದು ಎಂದು ಹೇಳುವುದಕ್ಕೇ ಈ ವಾರದ ಬರಹ.)

ಎಂಟು ಹೆಜ್ಜೆ ಆಚೆ ಮಂಚದ ಮೇಲೆ ರಮಾನಂದ ಮಲಗಿದ್ದ. ಹನ್ನೊಂದು ವರ್ಷದಿಂದ ನನ್ನ ಬ್ಯಾಡ್ಮಿಂಟನ್ ಜೋಡಿ. ಹಿತ್ತಲಿನ ಗುಲಾಬಿ ಗಿಡ ಕತ್ತರಿಸುವಾಗ ಮುಳ್ಳು ಚುಚ್ಚಿ, ಬಲಗೈ ಮೊಣಕೈವರೆಗೆ ಊದಿತ್ತು. ಜ್ವರ ಮೂವತ್ತೊಂಬತ್ತೂವರೆ (ನಮ್ಮ ಲೆಕ್ಕದಲ್ಲಿ ನೂರಾ ಮೂರು). ಅವನ ಹೆಂಡತಿ ಬೆಂಗಳೂರಿನ ವಿಮಾನದಲ್ಲಿದ್ದರು, ಫೋನ್ ಆಫ್. ಕಾರಿನಲ್ಲಿ ಕೂರಿಸಿಕೊಂಡು ತಂದವನು ನಾನು.

ನರ್ಸ್ ಹೆಸರು ಡೋನಾ. ಎಲ್ಲರನ್ನೂ 'ಬ್ಯಾಬ್' (ಕಂದ) ಎಂದು ಕರೆಯುವ, ಅಪ್ಪಟ ಈ ಕಡೆಯ ಹೆಂಗಸು. ಒಂದು ಕೈಯಲ್ಲಿ ಪೆನಿಸಿಲಿನ್ ಡ್ರಿಪ್ಪಿನ ಚೀಲ ಹಿಡಿದುಕೊಂಡೇ ರಮಾನಂದನನ್ನು ಕೇಳಿದಳು: "ಯಾವುದಾದರೂ ಔಷಧಿ ಆಗಿಬರೋದಿಲ್ವಾ, ಬ್ಯಾಬ್?"

ರಮಾನಂದ ಅರ್ಧ ಕಣ್ಣು ಬಿಟ್ಟ. "ನೋ ನೋ, ಐ ಆಮ್ ಫೈನ್, ಥ್ಯಾಂಕ್ಯೂ."

ಜ್ವರದಲ್ಲಿರುವ ಕನ್ನಡಿಗನ ಮಾತನ್ನು ಯಾರಾದರೂ ನಂಬುತ್ತಾರಾ? ಡೋನಾ ನಂಬಲಿಲ್ಲ. ಡೆಸ್ಕಿಗೆ ಬಂದು ಅವನ ದಾಖಲೆ ತೆರೆದಳು. ಮನೆಯವರ ನಂಬರ್ ಸರಿಯಿದೆಯಾ ನೋಡಿ ಎಂದು ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿದಳು.

ನಾನು ನಂಬರ್ ನೋಡಲಿಲ್ಲ. ಆ ಪರದೆಯನ್ನು ಬರೆದವನು ನಾನು.

ಆರು ವರ್ಷದ ಹಿಂದೆ, ಸಾಲ್ಫರ್ಡಿನ ಸಾಫ್ಟ್‌ವೇರ್ ಆಫೀಸಿನಲ್ಲಿ ಕೂತು. ಬೂದು ಬಣ್ಣದ ಅಂಚು ನನ್ನದು. 'ಅಲರ್ಜಿ' ಎಂಬ ಹೆಸರಿನ ಪಕ್ಕದ ಟೆಕ್ಸ್ಟ್ ಬಾಕ್ಸ್, ಅಂದರೆ ಅಕ್ಷರ ತುಂಬಿಸುವ ಡಬ್ಬಿ, ನನ್ನದು. ಅದರಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: 'ಒಟ್ಟಾರೆ ಆರೋಗ್ಯವಂತರು, ಸಜ್ಜನರು, ಹೆಚ್ಚಿನ ಔಷಧಿಗಳು ಚೆನ್ನಾಗಿ ಒಗ್ಗುತ್ತವೆ'.

"ಸರಿ, ತೊಂದರೆ ಇಲ್ಲ," ಎಂದು ಡೋನಾ ಎದ್ದಳು.

ನಾನು ನೋಡಿದ್ದನ್ನು ನೋಡಿದ ಹಾಗೇ ಹೇಳುತ್ತೇನೆ. ಕೊನೆಯ ಪದದ ಮುಂದೆ ಒಂದು ಕಾಮಾ. ಕಾಮಾದ ಮುಂದೆ, ಡಬ್ಬಿಯ ಬಲಗೋಡೆಗೆ ಅಂಟಿಕೊಂಡು, ಒಂದು ಅಕ್ಷರದ ಅರ್ಧ.

ಈ ಕಸುಬಿನವರಿಗೆ ಇದರ ಅರ್ಥ ಗೊತ್ತು. ಟೆಕ್ಸ್ಟ್ ಬಾಕ್ಸಿನಲ್ಲಿ ಎರಡು ಜಾತಿ. ಒಂದು ಬಹುಸಾಲಿನದು, ಬರಹ ಉದ್ದವಾದರೆ ಕೆಳಗಿನ ಸಾಲಿಗೆ ಇಳಿಯುತ್ತದೆ, ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಒಂಟಿಸಾಲಿನದು. ಅದರಲ್ಲಿ ಬರಹ ಉದ್ದವಾದರೆ ಗೋಡೆಯ ಆಚೆ ಹೋಗಿ ಕೂರುತ್ತದೆ. ಅಳಿಸಿಲ್ಲ, ಆದರೆ ಕಾಣುವುದಿಲ್ಲ. ನಾನು ಹಾಕಿದ್ದು ಒಂಟಿಸಾಲಿನದು. ಯಾಕೆ? ಬಹುಸಾಲಿನದು ಹಾಕಿದರೆ ಓಕೆ ಬಟನ್ ಎರಡು ಬೆರಳು ಕೆಳಗೆ ಸರಿಯುತ್ತಿತ್ತು. ನೋಡಲು ಚೆಂದ ಇರುತ್ತಿರಲಿಲ್ಲ.

ಟೆಸ್ಟ್ ಮಾಡಲಿಲ್ಲವೇ? ಮಾಡಿದೆವು, ಎರಡು ವಾರ. ಏನು ಟೈಪ್ ಮಾಡಿ? ಎ, ಎಸ್, ಡಿ, ಎಫ್. ಎಡಗೈಯ ನಾಲ್ಕು ಬೆರಳು ಕೀಬೋರ್ಡಿನ ಮೇಲೆ ಬಿದ್ದಲ್ಲಿ ಸಿಗುವ ನಾಲ್ಕು ಅಕ್ಷರ. ಜಗತ್ತಿನ ಪ್ರೋಗ್ರಾಮರುಗಳೆಲ್ಲ ಟೆಸ್ಟ್ ಮಾಡುವುದೇ ಹೀಗೆ. ಆ ಹೆಸರಿನ ಅಲರ್ಜಿ ಇರುವ ರೋಗಿ ಬಂದರೆ ನಮ್ಮ ಸಾಫ್ಟ್‌ವೇರ್ ಅವನನ್ನು ಖಂಡಿತ ಉಳಿಸುತ್ತದೆ.

"ಸಾರಿ," ಎಂದೆ.

"ಏನು, ಬ್ಯಾಬ್?"

"ಸಾರಿ, ಆ ಬಾಕ್ಸಿನಲ್ಲಿ ಒಮ್ಮೆ ಎಂಡ್ ಕೀ ಒತ್ತುತ್ತೀರಾ?"

"ಮೊದಲು ಇದನ್ನ ಹಾಕಿಬಿಡ್ತೀನಿ. ನೀವು ಕೂತ್ಕೊಳ್ಳಿ, ಟೀ ಮಷೀನ್ ಆ ಕಡೆ ಇದೆ."

"ಸಾರಿ," ಎಂದೆ ಮೂರನೇ ಸಲ. ಈ ದೇಶದಲ್ಲಿ ಹದಿನೇಳು ವರ್ಷ ಇದ್ದು ನಾನು ಕಲಿತದ್ದು ಇಷ್ಟು. ಗೆಳೆಯ ಸಾಯುವ ಸ್ಥಿತಿಯಲ್ಲೂ ಕ್ಯೂ ಮುರಿಯಬಾರದು.

ಡೋನಾ ಚೀಲ ಹಿಡಿದು ಮಂಚದ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು. ಎಣಿಸಿದ್ದೇನೆ. ಆಗ ನಾನು ಡೆಸ್ಕಿನ ಮೇಲೆ ಬಗ್ಗಿ, ಡಬ್ಬಿಯೊಳಗೆ ಕ್ಲಿಕ್ ಮಾಡಿ, ಸಾಲಿನ ಕೊನೆಗೆ ಒಯ್ಯುವ ಎಂಡ್ ಕೀ ಒತ್ತಿದೆ.

"ಏಯ್! ಮುಟ್ಟಬೇಡಿ ಅದನ್ನ! ಸೆಕ್ಯುರಿಟಿ ಕರೀತೀನಿ!" ಎಂದು ಕೂಗುತ್ತಲೇ ಡೋನಾ ವಾಪಸ್ ಬಂದಳು. ಅಷ್ಟರಲ್ಲಿ ಸಾಲು ಎಡಕ್ಕೆ ಜಾರಿತ್ತು. ಗೋಡೆಯ ಆಚೆ ಆರು ವರ್ಷ ಕೂತಿದ್ದದ್ದು ಈಚೆ ಬಂದಿತ್ತು: 'ಆದರೆ ಪೆನಿಸಿಲಿನ್ ಮಾತ್ರ ಕೊಡಲೇಬಾರದು, ಒಮ್ಮೆ ಕೊಟ್ಟಾಗ ಉಸಿರು ನಿಂತಿತ್ತು'.

ಡೋನಾ ಓದಿದಳು. ಇನ್ನೊಮ್ಮೆ ಓದಿದಳು. ಚೀಲವನ್ನು ಪ್ರಿಂಟರಿನ ಪಕ್ಕ ಮೆತ್ತಗೆ ಇಟ್ಟಳು.

"ಯಾವ ಕತ್ತೆ ಈ ಬಾಕ್ಸ್ ಮಾಡಿದ್ದು?"

ನಾನು ಜೆಲ್ ಹಚ್ಚಿಕೊಂಡೆ.

ಬೇರೆ ಔಷಧಿ ಹಾಕಿದರು. ಆ ಸಾಲು ಬರೆದವರು ರಮಾನಂದನ ಜಿಪಿ (ಇಲ್ಲಿಯ ಮನೆವೈದ್ಯರು), ಮೂಲತಃ ಧಾರವಾಡದ ಕುಲಕರ್ಣಿ ಡಾಕ್ಟರು. ಭಾನುವಾರ ಅವರಿಗೆ ಫೋನ್ ಮಾಡಿದೆ.

"ನಾ ಪೂರ್ತಿ ಬರದೀನಲ್ರೀ!" ಎಂದರು. "ನಿಮ್ಮ ಡಬ್ಬಿ ನುಂಗಿದ್ರ ನಾ ಏನ್ ಮಾಡ್ಲಿ?"

"ಮುಖ್ಯವಾದದ್ದನ್ನು ಮೊದಲು ಬರೆಯಬಹುದಿತ್ತಲ್ಲ, ಡಾಕ್ಟ್ರೇ?"

"ಮನುಷ್ಯನ ಬಗ್ಗೆ ಬರಿಯೂಮುಂದ ಕೆಟ್ಟದ್ದರಿಂದ ಶುರು ಮಾಡ್ತಾರೇನ್ರೀ?"

ನಮ್ಮವರೇ ಹಾಗೆ. ಮೊದಲು ಕುಶಲ, ಆಮೇಲೆ ಕಾಫಿ, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ನಿಜವಾದ ವಿಷಯ. ಅದಕ್ಕೆ ಸರಿಯಾಗಿ ಈ ಊರಿನವರು ಎದುರು ಸಿಕ್ಕಿದಾಗ 'ಆಲ್ ರೈಟ್?' ಎಂಬ ಒಂಟಿಸಾಲಿನ ಡಬ್ಬಿ ಹಿಡಿಯುತ್ತಾರೆ. 'ನಾಟ್ ಬ್ಯಾಡ್' ತುಂಬಿಸಿ ಮುಂದೆ ಹೋಗುತ್ತೇವೆ. ಆ 'ನಾಟ್ ಬ್ಯಾಡ್' ಮುಂದೆ ಕಾಮಾ ಇತ್ತಾ ಎಂದು ಯಾರು ನೋಡುತ್ತಾರೆ? ನನ್ನ ಮಗಳು ಸ್ಕೂಲಿನಿಂದ ಬಂದು ದಿನಾ 'ಫೈನ್' ಅನ್ನುತ್ತಾಳೆ. ಶನಿವಾರದಿಂದ ಆ ಪದವನ್ನು ನಾನು ಸ್ವಲ್ಪ ಹೊತ್ತು ನೋಡುತ್ತಿದ್ದೇನೆ.

ಸೋಮವಾರ ಆಫೀಸಿನಲ್ಲಿ ದೂರು ದಾಖಲಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: 'ಇದು ದೋಷವಲ್ಲ. ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ.' ಕೆಳಗೆ ವಿನ್ಯಾಸಕಾರನ ಹೆಸರು. ನನ್ನದೇ.

ಹಠ ಹಿಡಿದೆ. ಬುಧವಾರ ಮೀಟಿಂಗ್ ಆಯಿತು, ಆರು ಜನ, ಒಂದು ಗಂಟೆ. ನಾನು ಶನಿವಾರದ್ದೆಲ್ಲ ಹೇಳಿದೆ. ಎಲ್ಲರೂ ನಿಜಕ್ಕೂ ಮರುಗಿದರು. ಆಮೇಲೆ ಐವತ್ತು ನಿಮಿಷ ಓಕೆ ಬಟನ್ ಎಲ್ಲಿಗೆ ಸರಿಯುತ್ತದೆ ಎಂದು ಚರ್ಚಿಸಿದರು. ಸದ್ಯಕ್ಕೆ ಡಬ್ಬಿಯ ಕೆಳಗೆ 'ದಯವಿಟ್ಟು ಚುಟುಕಾಗಿ ಬರೆಯಿರಿ' ಎಂದು ಹಾಕುವುದು ಎಂದು ತೀರ್ಮಾನ. ಪಕ್ಕದಲ್ಲಿ ಕೂತಿದ್ದವಳು ಆಗಲೇ ಅದನ್ನು ಹಾಕಿ, ಟೆಸ್ಟ್ ಮಾಡಿ, "ಪರ್ಫೆಕ್ಟ್!" ಎಂದಳು.

ಏನು ಟೈಪ್ ಮಾಡಿದಳೆಂದು ನಾನು ನೋಡಿದೆ. ನಾಲ್ಕು ಅಕ್ಷರ.

ಶನಿವಾರ ಮೂರು ಇಪ್ಪತ್ತರಿಂದ ಮೂರು ಇಪ್ಪತ್ತೆರಡರವರೆಗೆ ನಡೆದದ್ದನ್ನು ಕಂಡವರು ಮೂವರು: ನಾನು, ನರ್ಸ್ ಡೋನಾ, ಮತ್ತು ಅರ್ಧ ಕಣ್ಣು ಬಿಟ್ಟಿದ್ದ ರಮಾನಂದ.

ಮೂವರೂ ಬದುಕಿದ್ದೇವೆ. ಡಬ್ಬಿಯೂ.